ಅಂಗಳದಲ್ಲಿ ಅಗ್ನಿಶಿಖೆ

ಟ್ಯೂಲಿಪ್ ಹೂವಿನ ಚಿತ್ರವನ್ನು ಕಂಡು ಅದನ್ನು ತಮ್ಮ ಅಂಗಳದಲ್ಲಿಯೂ ಬೆಳೆಸಬಯಸುವ ಮಿತ್ರರುಂಟು. ಆದರೆ ಅದರ ಗೆಡ್ಡೆ ಹೂ ಬಿಡಬೇಕಾದರೆ ಸುಮಾರು ಮೂರು ತಿಂಗಳ ಕಡುಚಳಿ ಬೇಕು. ಶ್ರೀನಗರದಲ್ಲಿ ಅದುಂಟು, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಬಿಸಿಲಿನಲ್ಲಿ ಎಲ್ಲಿಯದು? ಸಸ್ಯಶಾಸ್ತ್ರಜ್ಞರು ಹಿಂದೆ ಟ್ಯೂಲಿಪ್ಪಿನ ಕುಟುಂಬದಲ್ಲಿಯೇ ಸೇರಿಸಿದ್ದ ಅಗ್ನಿಶಿಖೆಯಾದರೋ ನಮ್ಮ ನಾಡಿನ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಬಳ್ಳಿ.

ಇದನ್ನು ಗುರುತಿಸುವುದು ಸುಲಭ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಅಂಚು ಅಲೆಯಲೆಯಾದ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲೆದ್ದಿರುತ್ತವೆ. ಅವುಗಳ ಹಳದಿ ಬಣ್ಣ ದಿನ ಕಳೆದಂತೆ ಕೆಂಪಿಗೆ ತಿರುಗುತ್ತದೆ. ಗೆಡ್ಡೆ ನೇಗಿಲಿನ ಆಕಾರದ್ದು. ಆದುದರಿಂದಲೇ ಸಂಸ್ಕೃತದಲ್ಲಿ ‘ಲಾಂಗಲಿ’ ಎಂಬ ಹೆಸರು.

ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ, ಎರಡು ಮೂರು ಅಂಗುಲ ಆಳಕ್ಕೆ ಗೆಡ್ಡೆಯನ್ನು ಅಡ್ಡಲಾಗಿ ನೆಡಬೇಕು. ಮೊಳಕೆಯ ಕಣ್ಣು ಗೆಡ್ಡೆಯ ತುದಿಯಲ್ಲಿರುವುದರಿಂದ ಅದು ಮುರಿಯಬಾರದು. ಹೂವಿನ ಕಾಲ ಮುಗಿದು ಬಳ್ಳಿ ಒಣಗಿದ ಮೇಲೆ ನೀರು ನಿಲ್ಲಿಸಬೇಕು. ಗೆಡ್ಡೆ ಬೇಸಿಗೆಯನ್ನು ಮಣ್ಣಿನಲ್ಲಿಯೇ ಮಲಗಿ ಕಳೆಯುತ್ತದೆ.

ಒಂದು ಎಚ್ಚರಿಕೆ ಅತ್ಯಗತ್ಯ. ಗಿಡದ ಸರ್ವಾಂಗದಲ್ಲಿಯೂ ಕಾಲ್ಚಿಸಿನ್ ಎಂಬ ವಿಷವಿದೆ. ವೈದ್ಯರ ಕೈಯಲ್ಲಿ ಅದು ಕೀಲುವಾತಕ್ಕೆ ಔಷಧ. ಗೆಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದವರಿಗೆ ಮೃತ್ಯು. ಬೇಯಿಸಿದರೂ ವಿಷ ಹೋಗದು. ವಾಂತಿ-ಭೇದಿ ಕೆಲವು ಗಂಟೆಗಳ ಅನಂತರ ತೋರುವುದರಿಂದ, ತಿಂದುದು ತಿಳಿದೊಡನೆ ಆಸ್ಪತ್ರೆಗೆ ಧಾವಿಸಬೇಕು. ಮಕ್ಕಳಿಗೂ ಆಡುಕುರಿಗಳಿಗೂ ನಿಲುಕದಂತೆ ಬೇಲಿ ಕಟ್ಟಬೇಕು. ಗೆಡ್ಡೆ ಮುಟ್ಟಿದ ಕೈ ತೊಳೆಯಬೇಕು.

ಹೂವನ್ನು ಮೆಚ್ಚುವ ಮೊದಲು ಗಿಡವನ್ನು ಅರಿಯುವುದೇ ತೋಟಗಾರಿಕೆಯ ಮೊದಲ ಪಾಠ.