ಸಿಹಿಯ ಚಪಲವೂ ಪ್ರಸಾದದ ನಿಯಮವೂ

ಪಂಚೇಂದ್ರಿಯಗಳಲ್ಲಿ ಜಿಹ್ವೆಗೆ ಮಾತ್ರ ಎರಡು ಕಾರ್ಯಗಳುಂಟು. ಒಂದು ನುಡಿಯುವುದು, ಇನ್ನೊಂದು ಸವಿಯುವುದು. ನುಡಿಯ ಸಂಯಮವನ್ನು ಕುರಿತ ಶರಣರ ಬೋಧೆಯನ್ನು ಭಕ್ತರು ಮೇಲಿಂದ ಮೇಲೆ ಕೇಳಿರುವರು. ಸವಿಯ ಸಂಯಮದ ವಿಚಾರವಾದರೋ ಅಪರೂಪ. ಷಟ್‌ಸ್ಥಲ ಶಾಸ್ತ್ರವು ಘ್ರಾಣದಲ್ಲಿ ಆಚಾರಲಿಂಗವನ್ನೂ, ಜಿಹ್ವೆಯಲ್ಲಿ ಗುರುಲಿಂಗವನ್ನೂ, ನೇತ್ರದಲ್ಲಿ ಶಿವಲಿಂಗವನ್ನೂ ನೆಲೆಗೊಳಿಸಿದೆ. ಗುರುವಿಗೆ ನೆಲೆಯಾದ ನಾಲಗೆಯು ಸಕ್ಕರೆಗೆ ಸೆರೆಯಾದರೆ, ಅದು ದೇಹಕ್ಕಷ್ಟೇ ಅಲ್ಲ, ಆಚಾರಕ್ಕೂ ಹಾನಿಯೇ ಸರಿ.

ಶಿವಮೊಗ್ಗೆಯ ಆಲ್ಕೊಳವು ಸಾಗರದ ರಸ್ತೆಯಲ್ಲಿರುವ ಬಡಾವಣೆ. ಅಲ್ಲಿಯ ಗೃಹಸ್ಥನೊಬ್ಬನ ದಿನಚರಿಯನ್ನು ಊಹಿಸಿಕೊಳ್ಳಬಹುದು. ಎದ್ದೊಡನೆ ಒಂದು ಲೋಟ ಕಾಫಿ, ತಿಂಡಿಯೊಡನೆ ಇನ್ನೊಂದು, ಕಚೇರಿಯಲ್ಲಿ ಎರಡು ಸಲ ಚಹಾ, ಸಂಜೆ ಮನೆಗೆ ಬರುವಾಗ ಬೇಕರಿಯ ಮುಂದೆ ನಿಂತು ಮತ್ತೊಂದು ಚಹಾ, ಜೊತೆಗೊಂದು ಸಿಹಿ ಬನ್ನು. ಹಸಿವಿನಿಂದ ತಿಂದನೆ ಎಂದರೆ ಅಲ್ಲ. ಆ ಹೊತ್ತಾಯಿತು, ಆ ಅಂಗಡಿ ಎದುರಾಯಿತು, ಕೈ ತಾನಾಗಿ ಮುಂದಾಯಿತು. ಇಂತಹ ದಿನಚರಿಯು ಒಂದು ಊರಿಗೆ ಸೀಮಿತವಾದುದಲ್ಲ.

ಹಿಂದೆ ಸಿಹಿಗೆ ಕಾಲನಿಯಮವಿತ್ತು. ಯುಗಾದಿಗೆ ಬೇವುಬೆಲ್ಲ, ಹೋಳಿಗೆ, ನಾಗರಪಂಚಮಿಗೆ ತಂಬಿಟ್ಟು, ಸಂಕ್ರಾಂತಿಗೆ ಎಳ್ಳುಬೆಲ್ಲ, ಮಲೆನಾಡಿನ ಆಲೆಮನೆಯಲ್ಲಿ ಕಬ್ಬು ಅರೆಯುವ ದಿನಗಳಲ್ಲಿ ಜೋನಿಬೆಲ್ಲ. ಹಬ್ಬ ಕಳೆದರೆ ಸಿಹಿಯೂ ಕಳೆಯುತ್ತಿತ್ತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ಭದ್ರಾ ಜಲಾಶಯದ ನೀರು ಹರಿದ ಮೇಲೆ ಭದ್ರಾವತಿಯ ಸೀಮೆಯಲ್ಲಿಯೂ ಕಬ್ಬು ಬೆಳೆಯಿತು. ರೈತನ ಕಾಯಕಕ್ಕೆ ಇದರಿಂದ ಆಧಾರ ದೊರೆತುದು ನಿಜ. ಆದರೆ ಸಕ್ಕರೆಯು ಸುಲಭವಾದಂತೆ ಹಬ್ಬದ ರುಚಿಯು ನಿತ್ಯದ ಚಟವಾಯಿತು. ದೋಷವು ಕಬ್ಬಿನದಲ್ಲ, ನಿಯಮ ತಪ್ಪಿದ ನಾಲಗೆಯದು.

ಲೆಕ್ಕವನ್ನು ನೋಡಬೇಕು. ಒಂದು ಚಹಾ ಚಮಚ ಸಕ್ಕರೆ ಸುಮಾರು 4 ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟವೆಂದರೆ 40 ಗ್ರಾಂ. ತಿಂಗಳಿಗೆ 1,200 ಗ್ರಾಂ. ಬನ್ನು, ಬಿಸ್ಕತ್ತು, ಮಿಠಾಯಿಗಳು ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ, ಹೊರಗಿನಿಂದ ಬೆರೆಸಿದ ಸಕ್ಕರೆ, ಜೇನು ಮೊದಲಾದವು ದಿನದ ಆಹಾರಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕೆಂದೂ, ಶೇಕಡಾ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳಿತೆಂದೂ ತಿಳಿಸಿದೆ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವನಿಗೆ ಇದು ಕ್ರಮವಾಗಿ 50 ಮತ್ತು 25 ಗ್ರಾಂ ಆಗುತ್ತದೆ. ಬೆಲ್ಲವಾದರೆ ಬಾಧೆಯಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಅದರ ಬಹುಭಾಗವು ಸಕ್ಕರೆಯೇ. ಚರಕಸಂಹಿತೆಯು ಬಹುಕಾಲದ ಹಿಂದೆಯೇ ಬೆಲ್ಲದ ಭಕ್ಷ್ಯಗಳನ್ನೂ ಮೈಬಗ್ಗಿಸದ ಸುಖಜೀವನವನ್ನೂ ಪ್ರಮೇಹದ ಕಾರಣಗಳಲ್ಲಿ ಎಣಿಸಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಸಕ್ಕರೆಯೊಂದೇ ಇದಕ್ಕೆ ಕಾರಣವಲ್ಲದಿದ್ದರೂ, ಅದು ಮೈಯ ಕೊಬ್ಬನ್ನು ಹೆಚ್ಚಿಸಿ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಚಪಲದ ಸ್ವರೂಪವನ್ನರಿತರೆ ಗೆಲ್ಲುವುದು ಸುಲಭ. ಸಿಹಿಯು ಬೇಗನೆ ರಕ್ತಕ್ಕೆ ಸೇರುತ್ತದೆ. ಅದನ್ನಡಗಿಸಲು ದೇಹವು ಇನ್ಸುಲಿನ್ನನ್ನು ಸುರಿಸುತ್ತದೆ. ಕೆಲವರಲ್ಲಿ ಸಕ್ಕರೆಯ ಮಟ್ಟವು ಇಳಿಯುತ್ತಲೇ ಮತ್ತೆ ಹಸಿವು ಕೆಣಕುತ್ತದೆ. ಇತ್ತ ಮನಸ್ಸು ಮೊದಲ ಸುಖವನ್ನು ನೆನಪಿಟ್ಟುಕೊಂಡು, ಅದೇ ಹೊತ್ತು ಅದೇ ಜಾಗ ಬಂದಾಗ ಅದನ್ನೇ ಬೇಡುತ್ತದೆ. ಆದರೆ ಈ ಬಯಕೆಯು ಅಲೆಯಂತೆ ಏರಿ, ತುಸು ಹೊತ್ತು ಕಾದರೆ ತಾನಾಗಿ ಇಳಿಯುವುದು. ಇದೇ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯವರು ಹಸಿವು ತೃಷೆಗಳನ್ನು ಎದುರಿಗೆ ನಿಲ್ಲಿಸಿ ಮಾತನಾಡಿಸಿದವರು. ಬಯಕೆಯನ್ನು ದ್ವೇಷಿಸದೆ, ಅದಕ್ಕೆ ಅಂಜದೆ, ಅದನ್ನು ತಡೆದು ನಿಲ್ಲಿಸುವುದೇ ಆ ದಾರಿ.

ಹಾಗೆ ನಿಲ್ಲಿಸುವ ಸಾಧನವು ಲಿಂಗಾಯತನ ಎದೆಯ ಮೇಲೆಯೇ ಇದೆ. ಲಿಂಗಕ್ಕೆ ಅರ್ಪಿಸದುದನ್ನು ಸೇವಿಸಲಾಗದೆಂಬುದು ಪ್ರಸಾದಿಸ್ಥಲದ ನಿಯಮ. ನಡೆಯುತ್ತ ಬಾಯಿಗೆಸೆದುಕೊಂಡ ಮಿಠಾಯಿಯನ್ನು ಯಾರು ಯಾವಾಗ ಅರ್ಪಿಸಿದರು? ಪ್ರತಿ ತುತ್ತಿಗೂ ಮುನ್ನ ಕ್ಷಣಕಾಲ ನಿಂತು ಇಷ್ಟಲಿಂಗವನ್ನು ನೆನೆದು, ಇದು ಅರ್ಪಣಕ್ಕೆ ಯೋಗ್ಯವೇ, ಈಗ ದೇಹಕ್ಕೆ ಬೇಕೇ ಎಂದು ಕೇಳಿಕೊಳ್ಳುವವನಿಗೆ ಆ ಕ್ಷಣವೇ ಕಾವಲು. ಕೈಗೂ ಬಾಯಿಗೂ ನಡುವೆ ಅರಿವು ಪ್ರವೇಶಿಸಿದರೆ ಚಟದ ಬಲವು ಅರ್ಧ ಕುಗ್ಗುವುದು.

ಅರಿವಿನೊಡನೆ ಕ್ರಿಯೆಯೂ ಕೂಡಬೇಕು. ಕಾಫಿಯ ಸಕ್ಕರೆಯನ್ನು ಒಮ್ಮೆಗೇ ಬಿಡಲಾರದವನು ವಾರಕ್ಕೆ ಕಾಲು ಚಮಚದಂತೆ ತಗ್ಗಿಸಲಿ. ಕೆಲವು ವಾರಗಳಲ್ಲಿ ನಾಲಗೆಯು ಹೊಂದಿಕೊಂಡು, ಹಿಂದಿನ ಕಾಫಿಯೇ ಅತಿಸಿಹಿಯೆನಿಸುವುದು. ಹೊತ್ತಿಗೆ ಸರಿಯಾಗಿ ಕಾಳು, ಬೇಳೆ, ಪಲ್ಯಗಳೊಡನೆ ಊಟ ಮಾಡಲಿ. ಬರಿಹೊಟ್ಟೆಯಲ್ಲಿ ಚಪಲವು ಹೆಚ್ಚು. ಸಂಜೆಗೆ ಹೆಸರುಕಾಳಿನ ಉಸಲಿ, ಹುರಿಗಡಲೆ, ಮಜ್ಜಿಗೆ, ಒಂದು ಸೀಬೆಹಣ್ಣು ಇವು ಸಿದ್ಧವಿರಲಿ. ಮನೆಯ ಡಬ್ಬಿಯಲ್ಲಿ ಸಿಹಿಯಿಲ್ಲದಿದ್ದರೆ ರಾತ್ರಿಯ ಹುಡುಕಾಟವೂ ಇರದು. ಬೇಕರಿಯ ಮುಂದಿನ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಬರುವುದು ಸೋಲಲ್ಲ, ವಿವೇಕ. ಮಕ್ಕಳ ಅಳುವನ್ನು ಚಾಕೊಲೇಟಿನಿಂದ ನಿಲ್ಲಿಸುವ ತಾಯಿತಂದೆಗಳು, ದುಃಖಕ್ಕೆ ಸಿಹಿಯೇ ಔಷಧವೆಂಬ ಪಾಠವನ್ನು ಅರಿಯದೆ ಕಲಿಸುತ್ತಿರುವರು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡುವುದು, ಉಪವಾಸ ಹಿಡಿಯುವುದು ಕೂಡದು. ಸಕ್ಕರೆಯ ಮಟ್ಟ ಕುಸಿದು ನಡುಕ, ಬೆವರು ಬಂದಾಗ ಅವರಿಗೆ ಸಕ್ಕರೆಯೇ ಮದ್ದು.

ಇಲ್ಲಿ ಭಕ್ತರ ಮನದಲ್ಲಿ ಒಂದು ಸಂದೇಹವೇಳುವುದು. ದಾಸೋಹದ ಪಂಕ್ತಿಯಲ್ಲಿ ಪಾಯಸ ಬಂದಾಗ ಬೇಡವೆಂದರೆ ಪ್ರಸಾದದ್ರೋಹವಾಗದೆ? ಆಗದು. ಪ್ರಸಾದದ ಹಿರಿಮೆ ಅಳತೆಯಲ್ಲಿಲ್ಲ. ಒಂದು ಕಣವೂ ಪೂರ್ಣ ಪ್ರಸಾದವೇ. ಬಡಿಸುವ ಮುನ್ನ ಕೈಮುಗಿದು, ಒಂದು ಹನಿ ಸಾಕೆಂದು ಬೇಡಿಕೊಂಡವನಿಗೆ ದೋಷವಿಲ್ಲ. ದೋಷವಿರುವುದು ಹೆಚ್ಚು ಹಾಕಿಸಿಕೊಂಡು ಎಲೆಯಲ್ಲಿ ಬಿಡುವುದರಲ್ಲಿ. ಹಾಗೆಯೇ, ಪ್ರಸಾದವೆಂಬ ನೆಪದಲ್ಲಿ ನಾಲಗೆಯ ಆಸೆಯನ್ನು ತೀರಿಸಿಕೊಳ್ಳುವುದರಲ್ಲಿ. ಬಡಿಸುವವರಿಗೂ ಧರ್ಮವುಂಟು. ಬೇಡವೆಂದ ಅತಿಥಿಯ ಎಲೆಗೆ ಇನ್ನೊಂದು ಹೋಳಿಗೆಯನ್ನು ಬಲವಂತದಿಂದ ಹಾಕುವುದು ಪ್ರೀತಿಯಂತೆ ತೋರಿದರೂ, ಅವನ ಕಣ್ಣು, ಮೂತ್ರಪಿಂಡ, ಪಾದಗಳಿಗೆ ಕೇಡನ್ನು ಬಡಿಸಿದಂತೆ. ಜಂಗಮಸೇವೆಯೆಂದರೆ ಬಂದವರ ದೇಹಕ್ಕೆ ಹಿತವಾದುದನ್ನು ನೀಡುವುದು.

ವ್ರತ ಹಿಡಿದವನು ಒಂದು ದಿನ ಜಾರಬಹುದು. ಒಂದು ತುತ್ತು ತಪ್ಪಿತೆಂದು ಇಡೀ ಡಬ್ಬಿಯನ್ನು ಬರಿದು ಮಾಡುವುದು ಅವಿವೇಕ; ಮುಂದಿನ ತುತ್ತನ್ನು ಅರ್ಪಿಸಿ ಉಣ್ಣುವುದೇ ಸರಿಯಾದ ದಾರಿ. ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಅಂತಹ ಕಾಯವನ್ನು ಕಾಪಾಡಿಕೊಳ್ಳುವುದೂ ಗೃಹಸ್ಥನ ಶಿವಪೂಜೆಯ ಅಂಗವೆಂದೇ ತಿಳಿಯತಕ್ಕದ್ದು.