ಬೀದರ್ ಕೋಟೆ: ಮಹಲು ಆಮೇಲೆ, ಮೊದಲು ಗೋಡೆ

ಎಕಂಬಾ, ಔರಾದ್ ಕಡೆಯಿಂದ ಬೀದರ್ ಕೋಟೆಗೆ ಹೋದವರಲ್ಲಿ ಹೆಚ್ಚಿನವರು ಒಳಗಿನ ಮಹಲುಗಳ ಮುಂದೆ ಫೋಟೊ ತೆಗೆಸಿಕೊಂಡು ಸಂಜೆ ಬಸ್ಸಿಗೆ ಹಿಂದಿರುಗುತ್ತಾರೆ. ಗೋಡೆಯನ್ನು ನೋಡುವವರು ಕಡಿಮೆ. ಈ ಸಲ ಹೀಗೆ ಮಾಡಿ.

ಔರಾದಿನಿಂದ ಬೆಳಗಿನ ಬಸ್ಸನ್ನೇ ಹಿಡಿಯಿರಿ. ಬೀದರಿನಲ್ಲಿ ಇಳಿದು ಚೌಬಾರಾವರೆಗೆ ಆಟೊ, ಮುಂದೆ ನಡಿಗೆ. ದಾರಿಯಲ್ಲೇ 1472ರ ಮಹಮೂದ್ ಗವಾನ್ ಮದರಸಾ ಸಿಗುತ್ತದೆ; ಅದನ್ನು ವಾಪಸ್ ಬರುವಾಗ ನೋಡಿದರಾಯಿತು.

ಬಾಗಿಲು ಕಂಡ ಕೂಡಲೇ ಒಳಗೆ ನುಗ್ಗಬೇಡಿ. ಹೊರಗೇ ನಿಂತು ಕಂದಕವನ್ನು ದಿಟ್ಟಿಸಿ. ಊರಿನ ಕಡೆ ಒಂದಲ್ಲ, ಸಾಲಾಗಿ ಮೂರು ಕಂದಕಗಳಿವೆ. ನಡುವೆ ನಿಂತಿರುವ ಎರಡು ಗೋಡೆಗಳನ್ನು ಯಾರೂ ಕಟ್ಟಿದ್ದಲ್ಲ. ಆಚೀಚೆ ಬಂಡೆ ಕಡಿದಾಗ ಹಾಗೇ ಉಳಿಸಿದ್ದು. ಇಲ್ಲಿನ ಜಂಬಿಟ್ಟಿಗೆ ಕಲ್ಲು ನೆಲದೊಳಗಿದ್ದಾಗ ಮೆದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿ. ಏಣಿ ಹೊತ್ತ ಶತ್ರು ಮೂರು ಸಲ ಇಳಿದು ಮೂರು ಸಲ ಹತ್ತಬೇಕಿತ್ತು, ಅದೂ ಮೇಲಿನಿಂದ ಗುಂಡು ಬೀಳುವಾಗ!

ಬಳಿಕ 1503ರ ಶರ್ಜಾ ದರ್ವಾಜಾ. ತಲೆಯೆತ್ತಿದರೆ ಕಲ್ಲಿನ ಎರಡು ಹುಲಿಗಳು ಕಾಣುತ್ತವೆ. ಅದನ್ನು ದಾಟಿದರೆ ಗುಂಬದ್ ದರ್ವಾಜಾ.

ಈಗ ಗೋಡೆಯತ್ತ ಹೊರಳಿ. ಸುತ್ತಳತೆ ಸುಮಾರು 4 ಕಿ.ಮೀ., ಬುರುಜುಗಳು 37. ಪೂರ್ತಿ ಸುತ್ತುವ ಹಟ ಬೇಡ. ದುರಸ್ತಿಯಾದ, ಹೋಗಲು ಬಿಟ್ಟಿರುವ ಭಾಗ ಸಾಕು. ಗಾರೆ ಹೊಸದಾಗಿ, ಕಲ್ಲಿನ ಅಂಚು ಚೂಪಾಗಿ ಇದ್ದರೆ ಅದು ದುರಸ್ತಿಯ ಕೆಲಸ. ಹಳೆಯ ಕಲ್ಲು ಕಪ್ಪಾಗಿ, ತೂತುತೂತಾಗಿರುತ್ತದೆ. ಗಿಡ ಬೇರೂರಿದ ಕಡೆ ಹತ್ತಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಬಲು ಜಾರು, ಚಳಿಗಾಲವೇ ಲೇಸು.

ಬುರುಜಿನ ಮೇಲೆ ನಿಂತಾಗ 1657 ನೆನಪಿರಲಿ. ಔರಂಗಜೇಬನ ಮುತ್ತಿಗೆಯಲ್ಲಿ ಬುರುಜೊಂದರ ಮದ್ದುಗುಂಡಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಕಿಲ್ಲೇದಾರ ಸಿದ್ದಿ ಮರ್ಜಾನ್ ತೀವ್ರವಾಗಿ ಗಾಯಗೊಂಡು ಸತ್ತ, ಕೋಟೆ ಮೊಘಲರ ಪಾಲಾಯಿತು. ಇಷ್ಟೆಲ್ಲ ಕಂದಕ ತೋಡಿದ್ದರೂ ಪೆಟ್ಟು ಬಿದ್ದದ್ದು ಒಳಗಿನ ಮದ್ದಿನಿಂದ.

ಕೊನೆಗೆ ರಂಗೀನ್ ಮಹಲ್. ಬೀಗ ಹಾಕಿದ್ದರೆ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ಮುತ್ತಿನ ಚಿಪ್ಪಿನ ಕುಸುರಿ ನೋಡದೆ ಬರಬೇಡಿ. ಕಾಲಡಿಯ ಮಣ್ಣೂ ಬರೀ ಮಣ್ಣಲ್ಲ: ಬಿದ್ರಿ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿಯೇ ಪಾತ್ರೆಗೆ ಕಪ್ಪು ಏರಿಸುತ್ತಾರೆ.

ನೀರಿನ ಬಾಟಲಿ, ಟೋಪಿ ಜೊತೆಗಿರಲಿ. ಔರಾದಿಗೆ ಕೊನೆಯ ಬಸ್ಸು ಎಷ್ಟಕ್ಕೆಂದು ಬೆಳಿಗ್ಗೆ ಇಳಿದಾಗಲೇ ಕೇಳಿಟ್ಟುಕೊಳ್ಳಿ.