‘ನೈಸ್’ ಪದದ ಅರ್ಥಪಲ್ಲಟ: ಒಂದು ಟಿಪ್ಪಣಿ

ಪದವೊಂದರ ಮೂಲವನ್ನು ತಿಳಿದರೆ ಅದರ ನಿಜವಾದ ಅರ್ಥವನ್ನೂ ತಿಳಿದಂತೆ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಇಂಗ್ಲಿಷಿನ ಬಳಕೆಮಾತಾದ ‘ನೈಸ್’ ಪದದ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಲ್ಯಾಟಿನ್ನಿನಲ್ಲಿ ‘ನೆ’ ನಿಷೇಧವಾಚಕ. ‘ಸ್ಕೀರೆ’ ಎಂದರೆ ತಿಳಿ, ಅರಿ. ಇವುಗಳಿಂದಾದ ‘ನೆಸ್ಕಿಯುಸ್’ ಪದಕ್ಕೆ ಅಜ್ಞ ಎಂದರ್ಥ. ಅದು ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷನ್ನು ಪ್ರವೇಶಿಸಿದಾಗ ಮೂರ್ಖ ಎಂಬ ಅರ್ಥದಲ್ಲಿಯೇ ಬಳಕೆಯಾಗುತ್ತಿತ್ತು. ಬಳಿಕ ಅತಿಯಾದ ನಾಜೂಕು, ಮಡಿವಂತಿಕೆ, ಸೂಕ್ಷ್ಮತೆ, ಕರಾರುವಾಕ್ಕು ಎಂಬ ಅರ್ಥಗಳು ಒಂದೊಂದಾಗಿ ಸೇರಿದವು. 1755ರ ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟಿನಲ್ಲಿ ಪ್ರಧಾನವಾಗಿರುವುದು ಈ ಸೂಕ್ಷ್ಮತೆಯ ಅರ್ಥಗಳೇ. ಹಿತಕರ, ಒಳ್ಳೆಯ ಎಂಬ ಇಂದಿನ ಅರ್ಥ ನೆಲೆಗೊಂಡದ್ದು 18ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ. 1818ರ ಮುದ್ರಣವರ್ಷವನ್ನು ಹೊತ್ತ ಜೇನ್ ಆಸ್ಟೆನ್‌ಳ ‘ನಾರ್ತ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ, ಎಲ್ಲದಕ್ಕೂ ಈ ಪದವನ್ನೇ ಹಚ್ಚುವ ರೂಢಿಯನ್ನು ಪಾತ್ರವೊಂದು ಪರಿಹಾಸ್ಯ ಮಾಡುತ್ತದೆ. ನಿಂದೆಯ ಪದ ಹೊಗಳಿಕೆಯ ಪದವಾದ ಈ ಬೆಳವಣಿಗೆ ಅರ್ಥೋತ್ಕರ್ಷಕ್ಕೆ ಉತ್ತಮ ನಿದರ್ಶನ.

ಕನ್ನಡಕ್ಕೆ ಬಂದ ಮೇಲೆ ಈ ಪದ ಮತ್ತೊಂದು ದಾರಿ ಹಿಡಿದಿದೆ. ‘ಮಸಾಲೆಯನ್ನು ನೈಸಾಗಿ ರುಬ್ಬು’ ಎಂಬಲ್ಲಿ ಅದು ನುಣುಪನ್ನು ಸೂಚಿಸುತ್ತದೆ. ‘ನೈಸಾಗಿ ಮಾತಾಡಿ ಕೆಲಸ ಮಾಡಿಸಿಕೊಂಡ’, ‘ನೈಸಾಗಿ ಜಾರಿಕೊಂಡ’ ಎಂಬ ಪ್ರಯೋಗಗಳಲ್ಲಿ ಜಾಣ್ಮೆಯೊಡನೆ ಕಪಟದ ಛಾಯೆಯೂ ಇದೆ. ನುಣುಪಿನ ಅರ್ಥವನ್ನು ಇಂಗ್ಲಿಷಿನ ಸೂಕ್ಷ್ಮತೆಗೆ ಹೇಗೋ ಜೋಡಿಸಬಹುದಾದರೂ ಕಪಟದ ಛಾಯೆಗೆ ಮೇಲ್ಕಂಡ ಅರ್ಥಗಳಲ್ಲಿ ಆಧಾರ ದೊರೆಯುವುದಿಲ್ಲ. ಆಧಾರವಿರುವುದು ಕನ್ನಡದ ‘ನಯ’ ಪದದಲ್ಲಿ. ‘ನಯವಾದ ಹಿಟ್ಟು’, ‘ನಯವಾದ ಮಾತು’, ‘ನಯವಂಚಕ’ ಎಂಬ ಪ್ರಯೋಗಗಳು ಇದೇ ಅರ್ಥಕ್ಷೇತ್ರವನ್ನು ವ್ಯಾಪಿಸಿವೆ. ‘ಐ’ಕಾರವು ‘ಅಯ್’ ಎಂದೇ ಉಚ್ಚಾರಗೊಳ್ಳುವುದರಿಂದ ಧ್ವನಿಸಾಮ್ಯವೂ ಇದಕ್ಕೆ ನೆರವಾಗಿರಬೇಕೆಂದು ಊಹಿಸಬಹುದು. ಅಂದರೆ ರೂಪ ಇಂಗ್ಲಿಷಿನದು, ಅರ್ಥ ಬಹುಮಟ್ಟಿಗೆ ಕನ್ನಡದ್ದು.

ಆದ್ದರಿಂದ ‘ನೈಸಾಗಿ’ ಎಂಬುದನ್ನು ತಪ್ಪು ಇಂಗ್ಲಿಷೆಂದು ವಿದ್ಯಾರ್ಥಿಯ ಬರಹದಲ್ಲಿ ಹೊಡೆದುಹಾಕುವ ಮುನ್ನ ಅದನ್ನು ಕನ್ನಡ ಪದವೆಂದು ಪರಿಶೀಲಿಸುವುದು ಅಗತ್ಯ. ನಿಘಂಟಿನಲ್ಲಿ ಸ್ವೀಕೃತ ಪದದ ಮುಂದೆ ಮೂಲಭಾಷೆಯನ್ನೂ ಅಲ್ಲಿಯ ಅರ್ಥವನ್ನೂ ಬರೆದರೆ ಸಾಲದು. ಆಡುವವರು ಅದಕ್ಕೆ ಕೊಟ್ಟಿರುವ ಅರ್ಥವೂ ದಾಖಲಾಗಬೇಕು. ಮೂಲವು ಪದದ ಹುಟ್ಟೂರನ್ನು ತಿಳಿಸುತ್ತದೆ. ಅದರ ಬಾಳ್ವೆಯನ್ನು ತಿಳಿಸುವುದು ಬಳಕೆಯೇ.